ನ್ಯಾಯಾಧೀಶ ಎದ್ದು ನಿಂತ ದಿನ

ಇಲ್ಲಿ ಏನಾದರೂ ಬರೆದು ಬಹಳ ದಿನಗಳಾದವು. 'ಆಫೀಸಿನಲ್ಲಿ ಕೆಲಸ ಜಾಸ್ತಿ' ಎನ್ನುವ ಮಾಮೂಲಿ ನೆಪ ಈ ಸಲ ಪೂರ್ತಿ ನಿಜವಲ್ಲ. ಕೆಲಸ ಇದ್ದೇ ಇತ್ತು. ಆದರೆ ಬರೆಯಲು ಕೂತಾಗಲೆಲ್ಲ ಮನಸ್ಸು ಇನ್ನೆಲ್ಲಿಗೋ ಹೋಗಿಬಿಡುತ್ತಿತ್ತು. ಯಾಕೆ ಅಂತ ಮುಂದೆ ಹೇಳುತ್ತೇನೆ. ಮೊದಲು ಮುನ್ನೂರು ಚಿಲ್ಲರೆ ವರ್ಷಗಳ ಹಿಂದಿನ ಒಬ್ಬ ನ್ಯಾಯಾಧೀಶನ ಕಥೆ. ಸ್ವಲ್ಪ ಉದ್ದ ಇದೆ, ಕಾಫಿ ಮಾಡಿಕೊಂಡು ಬನ್ನಿ.

ಆನ್‌ಸೈಟ್ ಅಂತ ಕೆಲವು ತಿಂಗಳು ಬಾಸ್ಟನ್ನಿನಲ್ಲಿದ್ದೆ. ಒಂದು ಭಾನುವಾರ ಮಾಡಲು ಬೇರೆ ಕೆಲಸವಿಲ್ಲದೆ ಓಲ್ಡ್ ಸೌತ್ ಮೀಟಿಂಗ್ ಹೌಸ್ ನೋಡಲು ಹೋದೆ. ಶಾಲೆಯಲ್ಲಿ ಓದಿದ ಬಾಸ್ಟನ್ ಟೀ ಪಾರ್ಟಿ ನೆನಪಿದೆಯಲ್ಲ? 1773ರ ಡಿಸೆಂಬರ್‌ನಲ್ಲಿ ಚಹಾ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆಯುವ ಮುನ್ನ ಜನ ಸೇರಿದ್ದು ಇದೇ ಕಟ್ಟಡದಲ್ಲಿ. ನಾನು ಹೋಗಿದ್ದೂ ಅದಕ್ಕೇ. ಆದರೆ ಅಲ್ಲಿಂದ ಹೊತ್ತು ತಂದದ್ದು ಬೇರೆಯದೇ ಹೆಸರು: ಸ್ಯಾಮ್ಯುಯೆಲ್ ಸೀವಲ್.

ಈಗಿರುವ ಇಟ್ಟಿಗೆಯ ಕಟ್ಟಡ 1729ರದು. ಅದಕ್ಕೂ ಮೊದಲು ಅದೇ ಜಾಗದಲ್ಲಿ ಮರದ ಒಂದು ಪ್ರಾರ್ಥನಾ ಮಂದಿರವಿತ್ತು. 1697ರ ಜನವರಿ 14ರಂದು ಸೀವಲ್ ಎದ್ದು ನಿಂತದ್ದು ಆ ಮರದ ಮಂದಿರದಲ್ಲಿ. (ಅವನದೇ ದಿನಚರಿಯಲ್ಲಿ ಇದು 1696/7 ಎಂದಿರುತ್ತದೆ. ಆಗ ಇಂಗ್ಲಿಷರ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ! ದಿನಾಂಕದ ಫಾರ್ಮ್ಯಾಟಿನ ತಲೆನೋವು ನಮ್ಮ ಕಾಲದ್ದು ಮಾತ್ರ ಅಂದುಕೊಂಡಿದ್ದೆ.) ಊರಿನ ದೊಡ್ಡ ಮನುಷ್ಯ, ಗವರ್ನರನ ಸಲಹಾ ಮಂಡಳಿಯ ಸದಸ್ಯ, ಪ್ರಾಂತ್ಯದ ಮೇಲಿನ ನ್ಯಾಯಾಲಯದ ನ್ಯಾಯಾಧೀಶ. ಅಂಥವನು ತನ್ನ ನೆರೆಹೊರೆಯವರು, ಮಕ್ಕಳು, ಅಂಗಡಿಯವರು ಎಲ್ಲರೂ ಕೂತಿರುವಾಗ ತಲೆ ತಗ್ಗಿಸಿ ಎದ್ದು ನಿಂತ. ಮುಂದೆ ಧರ್ಮಗುರು ಅವನು ಬರೆದುಕೊಟ್ಟ ಚೀಟಿಯನ್ನು ಓದಿದ. ಓದಿ ಮುಗಿಯುವವರೆಗೂ ಇವನು ನಿಂತೇ ಇದ್ದ.

ಆ ಚೀಟಿಯಲ್ಲಿ ಏನಿತ್ತು ಅನ್ನುವುದಕ್ಕೆ ಐದು ವರ್ಷ ಹಿಂದೆ ಹೋಗಬೇಕು.

1692. ಮ್ಯಾಸಚೂಸೆಟ್ಸಿನ ಸೇಲಂ ವಿಲೇಜ್ (ಇವತ್ತು ಅದರ ಹೆಸರು ಡ್ಯಾನ್ವರ್ಸ್). ಚಳಿಗಾಲದಲ್ಲಿ ಅಲ್ಲಿನ ಧರ್ಮಗುರು ಸ್ಯಾಮ್ಯುಯೆಲ್ ಪ್ಯಾರಿಸ್‌ನ ಮನೆಯ ಇಬ್ಬರು ಹುಡುಗಿಯರಿಗೆ ವಿಚಿತ್ರವಾದ ಬೇನೆ ಬಂತು. ಒಬ್ಬಳು ಅವನ ಮಗಳು, ವಯಸ್ಸು 9. ಇನ್ನೊಬ್ಬಳು ಅವನ ಆಶ್ರಯದಲ್ಲಿದ್ದ ನೆಂಟರ ಹುಡುಗಿ, 11. ಕಿರುಚುವುದು, ಮೈ ತಿರುಚಿಕೊಳ್ಳುವುದು, ಯಾರೋ ಚಿವುಟುತ್ತಿದ್ದಾರೆ ಎನ್ನುವುದು. ಮಾಟ ಎಂದರು. ಯಾರು ಮಾಡಿದ್ದು ಎಂದು ಹುಡುಗಿಯರನ್ನು ಕೇಳಿದರು. ಹೆಸರುಗಳು ಬಂದವು. ಮೊದಲು ಮೂವರು, ಆಮೇಲೆ ಹತ್ತು, ಆಮೇಲೆ ನೂರು. ಮೇ ತಿಂಗಳಲ್ಲಿ ಗವರ್ನರ್ ವಿಲಿಯಂ ಫಿಪ್ಸ್ ಒಂದು ವಿಶೇಷ ನ್ಯಾಯಾಲಯ ರಚಿಸಿದ. ಅದರ ಒಂಬತ್ತು ನ್ಯಾಯಾಧೀಶರಲ್ಲಿ ನಮ್ಮ ಸೀವಲ್ ಒಬ್ಬ. ಆಗ ಅವನಿಗೆ 40 ವರ್ಷ. ಹಾರ್ವರ್ಡಿನಲ್ಲಿ ಓದಿದವನು, ಶ್ರೀಮಂತ ಮಾವನ ಅಳಿಯ, ಒಳ್ಳೆಯವನೆಂದು ಹೆಸರಿದ್ದವನು.

ಆ ನ್ಯಾಯಾಲಯ ಒಪ್ಪಿಕೊಂಡ ಸಾಕ್ಷ್ಯ ಎಂಥದು ಗೊತ್ತಾ? 'ಈಕೆಯ ಛಾಯೆ ರಾತ್ರಿ ಬಂದು ನನ್ನ ಕುತ್ತಿಗೆ ಹಿಸುಕಿತು' ಎಂದು ಒಬ್ಬ ಹುಡುಗಿ ಹೇಳಿದರೆ ಅದು ಸಾಕ್ಷ್ಯ. ಆರೋಪಿ ಆ ರಾತ್ರಿ ಹತ್ತು ಮೈಲಿ ಆಚೆ ನಾಲ್ಕು ಜನರ ನಡುವೆ ಕೂತಿದ್ದಳು ಎಂದರೂ ಪ್ರಯೋಜನವಿಲ್ಲ, ಬಂದದ್ದು ಮೈಯಲ್ಲ, ಛಾಯೆ! ಸುಳ್ಳೆಂದು ತೋರಿಸಲು ದಾರಿಯೇ ಇಲ್ಲದ ಸಾಕ್ಷ್ಯ. ನಮ್ಮ ಕೆಲಸದಲ್ಲಿ ಇಂಥ ಬಗ್ ರಿಪೋರ್ಟ್ ಬಂದರೆ 'ರಿಪ್ರೊಡ್ಯೂಸ್ ಆಗುತ್ತಿಲ್ಲ' ಎಂದು ವಾಪಸ್ ಕಳಿಸುತ್ತೇವೆ. ಅಲ್ಲಿ ನೇಣಿಗೆ ಕಳಿಸಿದರು.

ಇನ್ನೊಂದು ವಿಪರ್ಯಾಸ. 'ಹೌದು, ನಾನು ಮಾಟಗಾತಿ' ಎಂದು ಒಪ್ಪಿಕೊಂಡವರನ್ನು ನೇಣಿಗೇರಿಸಲಿಲ್ಲ. ಇನ್ನಷ್ಟು ಹೆಸರು ಹೇಳಲಿ ಎಂದು ಉಳಿಸಿಕೊಂಡರು. ಸತ್ತವರು, ಸುಳ್ಳು ಹೇಳಲು ಒಪ್ಪದವರು. 71 ವರ್ಷದ ರೆಬೆಕಾ ನರ್ಸ್ ಎಂಬ ಅಜ್ಜಿಯನ್ನು ಪಂಚಾಯ್ತರು ಮೊದಲು ನಿರಪರಾಧಿ ಎಂದೇ ಹೇಳಿದ್ದರು. ಹುಡುಗಿಯರು ಚೀರಾಡಿದರು. ಮುಖ್ಯ ನ್ಯಾಯಾಧೀಶ ವಿಲಿಯಂ ಸ್ಟಾಟನ್ ಆಕೆ ಹಿಂದೆ ಆಡಿದ ಒಂದು ಮಾತನ್ನು ಎತ್ತಿ, ಇನ್ನೊಮ್ಮೆ ಯೋಚಿಸಿ ಎಂದ. ಆ ಮಾತಿನ ಅರ್ಥ ಏನೆಂದು ಕೇಳಿದರೆ ಕಿವಿ ಮಂದವಾಗಿದ್ದ ಅಜ್ಜಿ ಉತ್ತರಿಸಲಿಲ್ಲ. ತೀರ್ಪು ತಿರುಗಿತು. ಜುಲೈ 19ರಂದು ಇನ್ನು ನಾಲ್ವರೊಂದಿಗೆ ನೇಣು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಟ್ಟು 19 ಜನರನ್ನು ನೇಣಿಗೆ ಹಾಕಿದರು, 14 ಹೆಂಗಸರು, 5 ಗಂಡಸರು. ಜೈಲ್ಸ್ ಕೋರಿ ಎಂಬ ಮುದುಕ ವಿಚಾರಣೆಗೆ ಒಪ್ಪದೆ ಸುಮ್ಮನಿದ್ದುದಕ್ಕೆ ಎದೆಯ ಮೇಲೆ ಕಲ್ಲು ಹೇರಿ ಕೊಂದರು. ಕನಿಷ್ಠ ಐವರು ಜೈಲಿನಲ್ಲೇ ಸತ್ತರು.

ಸೀವಲ್ ಜೀವನವಿಡೀ ದಿನಚರಿ ಬರೆದವನು. 1674ರಿಂದ 1729ರವರೆಗೆ. ಅಂದರೆ ನಮ್ಮ ಬ್ಲಾಗಿಗರೆಲ್ಲರಿಗೂ ಹಿರಿಯಣ್ಣ ಎನ್ನಬಹುದು! ಮಳೆ, ಮದುವೆ, ಯಾರ ಮನೆಯಲ್ಲಿ ಏನು ತಿಂದೆ, ಯಾವ ಹಡಗು ಬಂತು, ಎಲ್ಲ ಇದೆ. ಆದರೆ 1692ರ ಆ ಬೇಸಿಗೆಯಲ್ಲಿ ಸೇಲಂ ಬಗ್ಗೆ ಅಲ್ಲೊಂದು ಇಲ್ಲೊಂದು ಸಾಲು, ಅಷ್ಟೇ. ಅಷ್ಟೊಂದು ಬರೆಯುವ ಮನುಷ್ಯ ಅದೊಂದರ ಬಗ್ಗೆ ಮಾತ್ರ ಬಾಯಿ ಮುಚ್ಚಿಕೊಂಡಿದ್ದಾನೆ. ಏಪ್ರಿಲ್‌ನಲ್ಲಿ ಸೇಲಂಗೆ ಹೋಗಿ ಆರೋಪಿಗಳ ವಿಚಾರಣೆ ನೋಡಿ ಬಂದದ್ದನ್ನು ಬರೆದ ಪುಟದ ಅಂಚಿನಲ್ಲಿ, ನಂತರ ಯಾವಾಗಲೋ, ಲ್ಯಾಟಿನ್ನಿನಲ್ಲಿ 'ಅಯ್ಯೋ' ಎನ್ನುವ ಅರ್ಥದ ಪದವನ್ನು ಮೂರು ಸಲ ಗೀಚಿದ್ದಾನೆ. ಆ ಅಂಚು ನನಗೆ ಇಡೀ ದಿನಚರಿಗಿಂತ ಹೆಚ್ಚು ಹೇಳಿತು.

ಇಲ್ಲಿ ಬೈಬಲ್ಲಿನ ವಿಷಯಕ್ಕೆ ಬರಬೇಕು. ನಾನು ಕ್ರೈಸ್ತನಲ್ಲ. ಬೈಬಲ್ ಓದಿದ್ದು ರೂಮ್‌ಮೇಟಿನಿಂದ. ಉಡುಪಿ ಕಡೆಯವನು, ಮನೆಯಲ್ಲಿ ತಲೆಮಾರುಗಳಿಂದ ಕನ್ನಡ ಸತ್ಯವೇದ ಓದುವ ಕುಟುಂಬ. ಸೀವಲ್ ಕಥೆ ಹೇಳಿದಾಗ ಅವನು, "ಅದು ಮೂವತ್ತೆರಡನೇ ಕೀರ್ತನೆ ಮಾರಾಯ, ಓದಿ ನೋಡು" ಎಂದು ಪುಸ್ತಕ ಕೈಗೆ ಕೊಟ್ಟ.

ಆ ಕೀರ್ತನೆ ದಾವೀದನ ಹೆಸರಿನಲ್ಲಿದೆ. ಮಾಡಿದ ತಪ್ಪನ್ನು ಹೇಳದೆ ಮುಚ್ಚಿಟ್ಟುಕೊಂಡಿದ್ದಾಗ ಮೂಳೆಗಳೇ ಸವೆದವು, ಬೇಸಿಗೆಯ ಕಾವಿಗೆ ಸಿಕ್ಕಂತೆ ಮೈಯ ಸಾರ ಇಂಗಿತು ಎನ್ನುವ ಅರ್ಥದ ಮಾತು ಅಲ್ಲಿ ಬರುತ್ತದೆ. ನನಗೆ ಆಶ್ಚರ್ಯವಾದದ್ದು ಇದು: ಅಲ್ಲಿ ನರಕದ ಮಾತಿಲ್ಲ. ಶಿಕ್ಷೆ ಸತ್ತ ಮೇಲಿನದಲ್ಲ, ಮೈಯೊಳಗೇ ಆಗುತ್ತಿದೆ. ಅದೂ ತಪ್ಪು ಮಾಡಿದ್ದಕ್ಕಿಂತ ಹೆಚ್ಚಾಗಿ ಸುಮ್ಮನಿದ್ದುದಕ್ಕೆ. ದಾವೀದನ ಕಥೆ ಬಹಳ ಜನರಿಗೆ ಗೊತ್ತಿರಬಹುದು. ರಾಜನಾಗಿದ್ದವನು ತನ್ನ ಸೈನಿಕ ಊರೀಯನ ಹೆಂಡತಿ ಬತ್ಷೆಬೆಯನ್ನು ಕರೆಸಿಕೊಂಡ, ಆಕೆ ಬಸಿರಾದಾಗ ಊರೀಯನನ್ನು ಯುದ್ಧದ ಮುಂಚೂಣಿಯಲ್ಲಿ ನಿಲ್ಲಿಸಿ ಕೊಲ್ಲಿಸಿದ. ಎಲ್ಲ ಸುಸೂತ್ರವಾಗಿ ಮುಚ್ಚಿಹೋಯಿತು. ಆಗ ನಾತಾನ ಎಂಬ ಪ್ರವಾದಿ ಬಂದು ಒಂದು ಕಥೆ ಹೇಳುತ್ತಾನೆ. ಬಡವನೊಬ್ಬ ಮಗಳಂತೆ ಸಾಕಿದ ಒಂದೇ ಒಂದು ಕುರಿಮರಿಯನ್ನು ಶ್ರೀಮಂತ ನೆರೆಯವನು ಕಿತ್ತುಕೊಂಡು ನೆಂಟನಿಗೆ ಅಡುಗೆ ಮಾಡಿಸಿದ ಎಂದು. ದಾವೀದ ಸಿಟ್ಟಿನಿಂದ ಕುದಿದು, ಅವನಿಗೆ ಮರಣವೇ ಸರಿ ಎನ್ನುತ್ತಾನೆ. ಆ ಮನುಷ್ಯ ನೀನೇ ಎನ್ನುತ್ತಾನೆ ನಾತಾನ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ನಮ್ಮ ಗಾದೆ. ದಾವೀದ ಹೆಗಲು ಮುಟ್ಟಿಕೊಳ್ಳಲೇ ಇಲ್ಲ, ಕಳ್ಳನಿಗೆ ತೀರ್ಪು ಕೊಡಲು ಹೊರಟ. ನ್ಯಾಯ ಹೇಳುವ ಸ್ಥಾನದಲ್ಲಿ ಕೂತವನ ಕಷ್ಟವೇ ಇದಿರಬೇಕು.

ಪದಗಳ ಬಗ್ಗೆ ಸ್ವಲ್ಪ. (ಇದು ನನ್ನ ಚಟ, ಕ್ಷಮಿಸಿ.) ಹೀಬ್ರೂ ಭಾಷೆಯಲ್ಲಿ ಪಾಪಕ್ಕೆ ಬಳಸುವ ಮುಖ್ಯವಾದ ಒಂದು ಧಾತುವಿಗೆ 'ಗುರಿ ತಪ್ಪು' ಎಂಬ ಅರ್ಥವೂ ಇದೆ. ಬೈಬಲ್ಲಿನ ನ್ಯಾಯಸ್ಥಾಪಕರ ಪುಸ್ತಕದಲ್ಲಿ ಕವಣೆ ಕಲ್ಲು ಹೊಡೆಯುವ ಎಡಚರು ಕೂದಲೆಳೆಯಷ್ಟೂ ಗುರಿ ತಪ್ಪುವುದಿಲ್ಲ ಎನ್ನುವಲ್ಲಿ ಅದೇ ಕ್ರಿಯಾಪದ. ಇದನ್ನು ಓದಿದ ಕೂಡಲೇ ಹೊಳೆದದ್ದು ನಮ್ಮ 'ತಪ್ಪು'. ತಪ್ಪು ಮಾಡಿದ, ಗುರಿ ತಪ್ಪಿತು, ದಾರಿ ತಪ್ಪಿದ, ಬಸ್ಸು ತಪ್ಪಿತು. ಎರಡೂ ಭಾಷೆಗಳಿಗೆ ಸಂಬಂಧವಿಲ್ಲ, ಆದರೂ ಒಂದೇ ಕಡೆ ಬಂದು ನಿಂತಿವೆ.

ಶಾಂತಿಗೆ ಹೀಬ್ರೂ ಪದ ಶಾಲೋಮ್. ಕನ್ನಡ ಸತ್ಯವೇದ ಅದನ್ನು ಹೆಚ್ಚಾಗಿ 'ಸಮಾಧಾನ' ಎನ್ನುತ್ತದೆ. ಶಾಲೋಮ್ ಎಂದರೆ ಬರೀ ಗಲಾಟೆ ಇಲ್ಲದಿರುವುದಲ್ಲ, ಮುಕ್ಕಾಗದೆ ಇಡಿಯಾಗಿರುವುದು. ಮುಖ್ಯವಾದದ್ದು ಇನ್ನು ಮುಂದಿದೆ. ವಿಮೋಚನಕಾಂಡದ ಕಾನೂನುಗಳಲ್ಲಿ, ಯಾರದ್ದಾದರೂ ದನ ಕದ್ದರೆ, ಹೊಲ ಸುಟ್ಟರೆ 'ನಷ್ಟ ತುಂಬಿಕೊಡಬೇಕು' ಎನ್ನುವಲ್ಲಿ ಬರುವ ಕ್ರಿಯಾಪದವೂ ಅದೇ ಧಾತುವಿನದು. ಸಮಾಧಾನ, ಸಾಲ ತೀರಿಸುವುದು, ಎರಡಕ್ಕೂ ಒಂದೇ ಬೇರು! ಕಣ್ಣು ಮುಚ್ಚಿ ಉಸಿರಾಡಿದರೆ ಸಿಗುವ ಸಮಾಧಾನವಲ್ಲ ಇದು. ಕೊಟ್ಟು ಮುಗಿಸಬೇಕಾದ್ದನ್ನು ಕೊಟ್ಟ ಮೇಲೆ ಸಿಗುವುದು. ಹೊಸ ಒಡಂಬಡಿಕೆಯ ಜಕ್ಕಾಯ ಎಂಬ ಸುಂಕದವನು ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕು ಪಟ್ಟು ಹಿಂದಿರುಗಿಸುತ್ತೇನೆ ಎನ್ನುತ್ತಾನೆ. ಬೆಟ್ಟದ ಪ್ರಸಂಗದಲ್ಲಿ ಯೇಸು, ಯಜ್ಞವೇದಿಯ ಮುಂದೆ ಕಾಣಿಕೆ ಹಿಡಿದು ನಿಂತಾಗ ಯಾರಿಗೋ ನಿನ್ನ ಮೇಲೆ ದೂರಿದೆ ಎಂಬುದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನ ಬಳಿ ಹೋಗು ಎನ್ನುತ್ತಾನೆ. ದೇವರು ಕಾಯುತ್ತಾನೆ, ಮೊದಲು ಮನುಷ್ಯನನ್ನು ನೋಡು ಎಂದ ಹಾಗೆ.

ಸರಿ, ಸೀವಲ್‌ಗೆ ವಾಪಸ್.

1692ರ ಅಕ್ಟೋಬರ್‌ನಲ್ಲಿ ಆ ನ್ಯಾಯಾಲಯ ನಿಂತುಹೋಯಿತು. ಮುಂದಿನ ವರ್ಷ ಬೇರೆ ನ್ಯಾಯಾಲಯ (ಅದರಲ್ಲೂ ಸೀವಲ್ ಇದ್ದ) ಛಾಯೆಯ ಸಾಕ್ಷ್ಯವನ್ನು ತಳ್ಳಿಹಾಕಿದಾಗ ಬಹುತೇಕ ಎಲ್ಲರೂ ಬಿಡುಗಡೆಯಾದರು. ಯಾರೂ ಏನೂ ಮಾತಾಡಲಿಲ್ಲ. ಊರಿಗೆ ಊರೇ ಮರೆತಂತೆ ನಟಿಸಿತು.

1696 ಸೀವಲ್ ಮನೆಗೆ ಕೆಟ್ಟ ವರ್ಷ. ಜನವರಿಯಲ್ಲಿ ಒಂದು ಸಂಜೆ ಮನೆಗೆ ಬಂದರೆ ಹೆಂಡತಿ ಹಾನಾ ಬಾಗಿಲಲ್ಲೇ ಎದುರಾಗುತ್ತಾಳೆ. 14 ವರ್ಷದ ಮಗಳು ಬೆಟ್ಟಿ ಮಧ್ಯಾಹ್ನ ಊಟವಾದ ಮೇಲೆ ಇದ್ದಕ್ಕಿದ್ದಂತೆ ಬಿಕ್ಕಿ ಬಿಕ್ಕಿ ಅತ್ತಿದ್ದಾಳೆ. ಅವಳ ಅಳು ನೋಡಿ ಮನೆಯವರೆಲ್ಲ ಅತ್ತಿದ್ದಾರೆ. ಯಾಕೆಂದು ಎಷ್ಟು ಕೇಳಿದರೂ ಹೇಳದವಳು ಕೊನೆಗೆ, ತನ್ನ ಪಾಪಗಳಿಗೆ ಕ್ಷಮೆ ಸಿಕ್ಕಿಲ್ಲ, ತಾನು ನರಕಕ್ಕೆ ಹೋಗುತ್ತೇನೆ ಎಂಬ ಭಯ ಎಂದಳಂತೆ. ಅಪ್ಪನೇ ಓದಿ ಹೇಳಿದ ಪ್ರಸಂಗವೊಂದು ಮಗುವಿನ ತಲೆಯಲ್ಲಿ ಕೂತುಬಿಟ್ಟಿತ್ತು. ಇದನ್ನು ಓದಿ ನನಗೆ ಸಿಟ್ಟು ಬಂತು. 14ರ ಹುಡುಗಿ ಮಾಡಿದ್ದಾದರೂ ಏನು? 19 ಜನರ ಸಾವಿಗೆ ಕಾರಣರಾದವರು ಬೆಂಚಿನ ಮೇಲೆ ಆರಾಮಾಗಿ ಕೂತಿದ್ದಾರೆ, ಈ ಮಗು ರಾತ್ರಿ ನಿದ್ದೆಗೆಡುತ್ತಿದೆ. ಪಾಪಪ್ರಜ್ಞೆ ಹಂಚಿಕೆಯಾಗುವುದರಲ್ಲಿ ನ್ಯಾಯವೇ ಇಲ್ಲ.

ಮೇ ತಿಂಗಳಲ್ಲಿ ಹಾನಾಗೆ ಸತ್ತ ಮಗು ಹುಟ್ಟಿತು. ಡಿಸೆಂಬರ್ 23ರಂದು ಎರಡು ವರ್ಷದ ಮಗಳು ಸಾರಾ ತೀರಿಕೊಂಡಳು. ಮರುದಿನ, ಮಗುವಿನ ಹೆಣ ಇನ್ನೂ ಮನೆಯಲ್ಲಿರುವಾಗಲೇ, 18ರ ಮಗ ಸ್ಯಾಮ್ ಅಪ್ಪನಿಗೆ ಲ್ಯಾಟಿನ್ನಿನಲ್ಲಿ ಮತ್ತಾಯನ ಸುವಾರ್ತೆಯ 12ನೇ ಅಧ್ಯಾಯ ಒಪ್ಪಿಸಿದ. ಯೇಸುವಿನ ಶಿಷ್ಯರು ಹಸಿವಾಗಿ ಸಬ್ಬತ್ ದಿನದಲ್ಲಿ ಪೈರಿನ ತೆನೆ ಮುರಿದು ತಿಂದದ್ದಕ್ಕೆ ಫರಿಸಾಯರು ತಕರಾರು ತೆಗೆಯುವ ಪ್ರಸಂಗ ಅದು. ಏಳನೇ ವಚನದಲ್ಲಿ ಯೇಸು ಹೋಶೇಯ ಪ್ರವಾದಿಯ ಹಳೆಯ ಮಾತೊಂದನ್ನು ನೆನಪಿಸುತ್ತಾನೆ. ದೇವರಿಗೆ ಬೇಕಾದದ್ದು ಯಜ್ಞವಲ್ಲ, ಕರುಣೆ ಎಂಬ ಮಾತು. ಇದು ನಿಮಗೆ ಅರ್ಥವಾಗಿದ್ದರೆ ನಿರಪರಾಧಿಗಳನ್ನು ಅಪರಾಧಿಗಳೆಂದು ತೀರ್ಮಾನಿಸುತ್ತಿರಲಿಲ್ಲ ಎನ್ನುತ್ತಾನೆ.

ಆ ಒಂದು ವಚನ ಕೇಳಿದಾಗ ಸೇಲಂನ ದುರಂತ ಭಯಂಕರವಾಗಿ ನೆನಪಾಯಿತು ಎಂದು ಸೀವಲ್ ಅಂದೇ ಬರೆದುಕೊಂಡಿದ್ದಾನೆ. ಪಾಪ, ಮಗನಿಗೆ ತಾನು ನಾತಾನನ ಕೆಲಸ ಮಾಡುತ್ತಿದ್ದೇನೆಂದು ಗೊತ್ತೇ ಇರಲಿಲ್ಲವೇನೋ. ಪಾಠ ಒಪ್ಪಿಸಿದ ಅಷ್ಟೇ.

ಮರುದಿನ ಡಿಸೆಂಬರ್ 25. ಪ್ಯೂರಿಟನ್ನರು ಕ್ರಿಸ್‌ಮಸ್ ಆಚರಿಸುತ್ತಿರಲಿಲ್ಲ, ಅದೂ ಒಂದು ಮಾಮೂಲಿ ದಿನ. ಸಾರಾಳನ್ನು ಸಮಾಧಿ ಮಾಡಿದರು. ಮಧ್ಯಾಹ್ನ ಸೀವಲ್ ಕುಟುಂಬದ ಸಮಾಧಿಯ ಕೋಣೆಯೊಳಗೆ ಇಳಿದು ಅಲ್ಲಿ ಜೋಡಿಸಿದ್ದ ಪೆಟ್ಟಿಗೆಗಳನ್ನು ನೋಡುತ್ತ ಸ್ವಲ್ಪ ಹೊತ್ತು ಕಳೆದ. ಅತ್ತೆ, ಮಾವ, ಮತ್ತು ತನ್ನದೇ ಆರು ಮಕ್ಕಳು. ಭಯವೂ ಆಯಿತು, ಒಂದು ಬಗೆಯ ಹಿತವೂ ಆಯಿತು ಎಂಬರ್ಥದಲ್ಲಿ ಬರೆದಿದ್ದಾನೆ. ಆ ಸಮಾಧಿ ಇವತ್ತಿಗೂ ಬಾಸ್ಟನ್ನಿನ ಗ್ರ್ಯಾನರಿ ಸ್ಮಶಾನದಲ್ಲಿದೆ, ಓಲ್ಡ್ ಸೌತ್‌ನಿಂದ ಕೆಲವೇ ನಿಮಿಷದ ನಡಿಗೆ. ನಾನೂ ಹೋಗಿ ನಿಂತಿದ್ದೆ.

ಇದಾಗಿ ಮೂರು ವಾರಕ್ಕೆ ಸರ್ಕಾರ ಸಾರಿದ್ದ ಸಾರ್ವಜನಿಕ ಉಪವಾಸದ ದಿನ ಬಂತು. ಧರ್ಮಗುರು ಸ್ಯಾಮ್ಯುಯೆಲ್ ವಿಲರ್ಡ್ ಪಕ್ಕದಲ್ಲಿ ಹಾದು ಹೋಗುವಾಗ ಸೀವಲ್ ಚೀಟಿ ಅವನ ಕೈಗಿತ್ತ. ಚೀಟಿಯ ಸಾರ ಇಷ್ಟು: ತನ್ನ ಮೇಲೆ, ತನ್ನ ಕುಟುಂಬದ ಮೇಲೆ ಮತ್ತೆ ಮತ್ತೆ ಬೀಳುತ್ತಿರುವ ದೇವರ ಪೆಟ್ಟು ತನಗೆ ಅರಿವಾಗಿದೆ, ಸೇಲಂ ನ್ಯಾಯಾಲಯದ ವಿಷಯದಲ್ಲಿ ತಾನು ತಪ್ಪಿತಸ್ಥ, ಅದರ ದೋಷವನ್ನೂ ಅವಮಾನವನ್ನೂ ತಾನು ಹೊರಲು ಸಿದ್ಧ, ಮನುಷ್ಯರ ಕ್ಷಮೆ ಬೇಡುತ್ತೇನೆ, ಈ ಪಾಪವನ್ನು ದೇವರು ಕ್ಷಮಿಸಲಿ, ಅದರ ಫಲ ತನ್ನವರ ಮೇಲಾಗಲಿ ನಾಡಿನ ಮೇಲಾಗಲಿ ಬೀಳದಿರಲಿ ಎಂದು ಎಲ್ಲರೂ ಪ್ರಾರ್ಥಿಸಿ. ಓದಿ ಮುಗಿದಾಗ ತಲೆಬಾಗಿ ಕೂತುಕೊಂಡ.

ಆ ಒಂಬತ್ತು ನ್ಯಾಯಾಧೀಶರಲ್ಲಿ ಹೀಗೆ ಸಾರ್ವಜನಿಕವಾಗಿ ನಿಂತವನು ಇವನೊಬ್ಬನೇ. ಸ್ಟಾಟನ್ 1701ರಲ್ಲಿ ಸಾಯುವವರೆಗೂ ತಪ್ಪೊಪ್ಪಿಕೊಳ್ಳಲಿಲ್ಲ. ಜಾನ್ ಹ್ಯಾಥಾರ್ನ್ ಎಂಬ ಇನ್ನೊಬ್ಬನೂ ಅಷ್ಟೇ. ಅವನ ಮೊಮ್ಮಗನ ಮೊಮ್ಮಗ ಕಾದಂಬರಿಕಾರ ನಥಾನಿಯಲ್ ಹಾಥಾರ್ನ್. ಹಿರಿಯ ಸುಮ್ಮನಿದ್ದ, ಪೂರ್ವಿಕರ ಆ ಪಾಪದ ನೆರಳು ಮಾತ್ರ ಈತನ ಬರಹಗಳಿಗೆ ಇಳಿದು ಬಂತು. ಪಂಚಾಯ್ತರಲ್ಲಿ 12 ಜನ ಒಟ್ಟಾಗಿ ಸಹಿ ಹಾಕಿ ಕ್ಷಮೆ ಕೇಳಿದರು.

ಸೀವಲ್ ಬಗ್ಗೆ ನನಗೆ ಎರಡು ತಕರಾರುಗಳಿವೆ. ಒಂದು, ತನ್ನ ತಪ್ಪಿಗೆ ದೇವರು ಮಕ್ಕಳನ್ನು ಕಿತ್ತುಕೊಂಡ ಎಂಬ ಅವನ ಲೆಕ್ಕ. ನಮ್ಮಲ್ಲೂ 'ಮಾಡಿದ್ದುಣ್ಣೋ ಮಾರಾಯ' ಎನ್ನುತ್ತೇವೆ, ಆದರೆ ಇಲ್ಲಿ ಮಾಡಿದವನು ಒಬ್ಬ, ಉಂಡವರು ಇನ್ನೊಬ್ಬರು. ಅವನ ಬೈಬಲ್ಲೇ ಈ ಲೆಕ್ಕವನ್ನು ಪೂರ್ತಿ ಒಪ್ಪುವುದಿಲ್ಲ. ಯೋಬನ ಇಡೀ ಪುಸ್ತಕ ಇರುವುದೇ, ಕಷ್ಟ ಬಂದವನು ಪಾಪಿಯೇ ಇರಬೇಕು ಎನ್ನುವ ಗೆಳೆಯರ ಬಾಯಿ ಮುಚ್ಚಿಸಲು. ಹುಟ್ಟುಕುರುಡನನ್ನು ತೋರಿಸಿ ಯಾರು ಮಾಡಿದ ಪಾಪ ಇದು, ಇವನದೋ ತಂದೆತಾಯಿಯದೋ ಎಂದು ಶಿಷ್ಯರು ಕೇಳಿದಾಗ ಯೇಸು ಇಬ್ಬರದೂ ಅಲ್ಲ ಎನ್ನುತ್ತಾನೆ. ಆ ಕಾಲದಲ್ಲಿ ಮಕ್ಕಳು ಎಲ್ಲರ ಮನೆಯಲ್ಲೂ ಸಾಯುತ್ತಿದ್ದವು, ಸೇಲಂಗೆ ಕಾಲಿಡದವರ ಮನೆಯಲ್ಲೂ.

ಎರಡನೆಯದು ಇನ್ನೂ ದೊಡ್ಡದು. ಆ ಚೀಟಿಯಲ್ಲಿ ಸತ್ತ ಒಬ್ಬರ ಹೆಸರೂ ಇಲ್ಲ. ರೆಬೆಕಾ ನರ್ಸ್ ಇಲ್ಲ, ಜೈಲ್ಸ್ ಕೋರಿ ಇಲ್ಲ. ಅವರ ಮಕ್ಕಳಿಗೆ ಏನು ಕೊಡುತ್ತೇನೆ ಎಂಬ ಮಾತಿಲ್ಲ. ಶಾಲೋಮ್‌ನ ಅರ್ಧ ಮಾತ್ರ ಇದೆ. ನಷ್ಟ ತುಂಬಿಕೊಡುವ ಇನ್ನರ್ಧಕ್ಕೆ 1711ರವರೆಗೆ ಕಾಯಬೇಕಾಯಿತು. ಆಗ ಸರ್ಕಾರ ಹಲವರ ಶಿಕ್ಷೆ ರದ್ದುಮಾಡಿ ಒಟ್ಟು 578 ಪೌಂಡ್ 12 ಶಿಲ್ಲಿಂಗ್ ಪರಿಹಾರ ಕೊಟ್ಟಿತು. ಪಟ್ಟಿಯಿಂದ ಬಿಟ್ಟುಹೋದವರ ಹೆಸರು ತೊಳೆಯಲು 1957 ಬಂತು, 2001 ಬಂತು. ಎಲಿಜಬೆತ್ ಜಾನ್ಸನ್ ಎಂಬಾಕೆಯ ಹೆಸರು ಅಧಿಕೃತವಾಗಿ ಶುದ್ಧವಾದದ್ದು 2022ರಲ್ಲಿ!

ಹೆಸರು ಹಿಡಿದು ಕ್ಷಮೆ ಕೇಳಿದವಳು ಒಬ್ಬಳಿದ್ದಾಳೆ. ಆನ್ ಪುಟ್ನಂ. 1692ರಲ್ಲಿ 12 ವರ್ಷ, ಅತಿ ಹೆಚ್ಚು ಜನರ ಮೇಲೆ ಬೆರಳು ತೋರಿದವರಲ್ಲಿ ಒಬ್ಬಳು. 1706ರ ಆಗಸ್ಟ್ 25ರಂದು, 26ನೇ ವಯಸ್ಸಿನಲ್ಲಿ, ಸೇಲಂ ವಿಲೇಜ್ ಚರ್ಚಿನಲ್ಲಿ ಎದ್ದು ನಿಂತಳು. ರೆಬೆಕಾ ನರ್ಸ್ ಮತ್ತು ಆಕೆಯ ಇಬ್ಬರು ತಂಗಿಯರ ವಿಷಯವನ್ನು ಬಿಡಿಸಿ ಹೇಳಿದಳು. ಧರ್ಮಗುರು ಜೋಸೆಫ್ ಗ್ರೀನ್ ಅದನ್ನು ಓದುವ ಮೊದಲು ರೆಬೆಕಾಳ ಮಗನ ಜೊತೆ ಮಾತಾಡಿದ್ದ. ಆದರೆ ಆಕೆ ಅದೆಲ್ಲ ಸೈತಾನನ ಮೋಸ ಎಂದಳು. ಸೀವಲ್ ಸೈತಾನನ ಹೆಗಲಿಗೆ ಜಾರಿಸದೆ ತಾನೇ ಹೊತ್ತ, ಆದರೆ ಹೆಸರು ಹೇಳಲಿಲ್ಲ. ಇಬ್ಬರ ಚೀಟಿಯನ್ನೂ ಸೇರಿಸಿದರೆ ಒಂದು ಪೂರ್ತಿ ಕ್ಷಮಾಪಣೆ ಆಗುತ್ತಿತ್ತೇನೋ.

ಇಡೀ ಸೇಲಂನಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಮಾತ್ರ ಮಾರ್ಗರೆಟ್ ಜೇಕಬ್ಸ್. ಹದಿಹರೆಯದ ಹುಡುಗಿ. ಒಪ್ಪಿಕೊಳ್ಳದಿದ್ದರೆ ನೇಣು ಎಂದು ಹೆದರಿಸಿದಾಗ ತಾನು ಮಾಟಗಾತಿ ಎಂದು ಒಪ್ಪಿಕೊಂಡಳು, ಸ್ವಂತ ತಾತ ಜಾರ್ಜ್ ಜೇಕಬ್ಸ್ ಮತ್ತು ಜಾರ್ಜ್ ಬರೋಸ್ ಎಂಬ ಧರ್ಮಗುರುವಿನ ಹೆಸರೂ ಹೇಳಿದಳು. ಜೀವ ಉಳಿಯಿತು. ಆದರೆ ಅದೇ ರಾತ್ರಿ ನಿದ್ದೆ ಬರಲಿಲ್ಲ, ಅಷ್ಟು ದೊಡ್ಡ ಸುಳ್ಳು ಹೇಳಿದ್ದಕ್ಕೆ ದೆವ್ವ ನಿಜವಾಗಿಯೇ ಹೊತ್ತೊಯ್ಯುತ್ತದೆ ಎಂದು ಹೆದರಿದೆ ಎಂದು ನಂತರ ಹೇಳಿಕೊಂಡಿದ್ದಾಳೆ. ಹೋಗಿ ಹೇಳಿಕೆ ವಾಪಸ್ ತೆಗೆದುಕೊಂಡಳು. ಅಂದರೆ ಉಳಿದಿದ್ದ ಜೀವವನ್ನು ವಾಪಸ್ ಕೊಟ್ಟಳು. ನ್ಯಾಯಾಲಯ ಅವಳ ಸುಳ್ಳನ್ನು ನಂಬಿತ್ತು, ನಿಜವನ್ನು ನಂಬಲಿಲ್ಲ. ತಾತನಿಗೂ ಬರೋಸ್‌ಗೂ ಆಗಸ್ಟ್ 19ರಂದು ನೇಣು. ಹಿಂದಿನ ದಿನ ಮಾರ್ಗರೆಟ್ ಬರೋಸ್‌ನ ಬಳಿ ಕ್ಷಮೆ ಕೇಳಿದಳು. ಅವನು ಕ್ಷಮಿಸಿದ್ದಷ್ಟೇ ಅಲ್ಲ, ಅವಳೊಂದಿಗೆ ಕೂತು ಅವಳಿಗಾಗಿ ಪ್ರಾರ್ಥಿಸಿದ. ಮರುದಿನ ಸಾಯಲಿರುವವನು! ತಾತ ಸತ್ತ ಮರುದಿನ ಅವಳು ಜೈಲಿನಿಂದ ಅಪ್ಪನಿಗೆ ಬರೆದ ಪತ್ರ ಇವತ್ತಿಗೂ ಓದಲು ಸಿಗುತ್ತದೆ. ವಿಚಾರಣೆಯ ಹೊತ್ತಿಗೆ ಕಾಯಿಲೆ ಬಿದ್ದಿದ್ದರಿಂದ ಅವಳ ಸರದಿ ಮುಂದೆ ಹೋಯಿತು, ಅಷ್ಟರಲ್ಲಿ ನ್ಯಾಯಾಲಯವೇ ನಿಂತಿತು, ಬದುಕಿಕೊಂಡಳು.

ಸೀವಲ್‌ಗೆ ಐದು ವರ್ಷ ಬೇಕಾದದ್ದು ಇವಳಿಗೆ ಒಂದು ರಾತ್ರಿಯಲ್ಲಿ ಆಯಿತು.

ಈಗ ನನ್ನ ವಿಷಯ. ಬಾಸ್ಟನ್ನಿಗೆ ಹೋಗುವ ಮುಂಚೆ, ಇಲ್ಲಿ ಒಂದು ರಿಲೀಸ್ ಆದ ರಾತ್ರಿ, ಪ್ರೊಡಕ್ಷನ್ನಿನಲ್ಲಿ ಒಂದು ಕಾನ್ಫಿಗರೇಷನ್ ಫೈಲನ್ನು ನಾನು ನೇರವಾಗಿ ಬದಲಾಯಿಸಿದ್ದೆ. ಯಾರಿಗೂ ಹೇಳದೆ, ಎರಡು ನಿಮಿಷದ ಕೆಲಸ ಅಂತ. ಬೆಳಗ್ಗೆ ಕೆಲವು ಗಂಟೆ ಎಲ್ಲ ನಿಂತುಹೋಯಿತು. ಕಾನ್ಫರೆನ್ಸ್ ಕಾಲ್‌ನಲ್ಲಿ ಹನ್ನೆರಡು ಜನ. ಕೊನೆಯ ಚೆಕ್-ಇನ್ ಒಬ್ಬ ಕಾಂಟ್ರ್ಯಾಕ್ಟ್ ಹುಡುಗನ ಹೆಸರಿನಲ್ಲಿತ್ತು. ದಾವಣಗೆರೆ ಕಡೆಯವನು, ಕೆಲಸಕ್ಕೆ ಸೇರಿ ಐದು ತಿಂಗಳು. ಅವನದೇ ಇರಬೇಕು ಎಂದು ಯಾರೋ ಅಂದರು. ನಾನು ಮ್ಯೂಟ್‌ನಲ್ಲಿದ್ದೆ. ಮ್ಯೂಟ್ ತೆಗೆಯಲಿಲ್ಲ. ಎರಡು ವಾರದಲ್ಲಿ ಅವನನ್ನು ಪ್ರಾಜೆಕ್ಟಿನಿಂದ ತೆಗೆದರು, ಅವನ ಕಾಂಟ್ರ್ಯಾಕ್ಟ್ ಮುಂದುವರಿಯಲಿಲ್ಲ. ನಾನು ವಿಮಾನ ಹತ್ತಿದೆ.

ಯಾರೂ ಸಾಯಲಿಲ್ಲ, ಸೇಲಂ ಜೊತೆ ಹೋಲಿಸುವುದು ನಾಚಿಕೆಗೇಡು, ಗೊತ್ತು. ಆದರೆ ಓಲ್ಡ್ ಸೌತ್‌ನಲ್ಲಿ ಆ ಹೆಸರು ಓದಿದಾಗ ನನ್ನ ಕೈ ಹೆಗಲಿಗೆ ಹೋದದ್ದಂತೂ ನಿಜ.

ಸೀವಲ್ 1700ರಲ್ಲಿ ಇನ್ನೊಂದು ಕೆಲಸ ಮಾಡಿದ. ಗುಲಾಮಗಿರಿಯ ವಿರುದ್ಧ ಮೂರು ಪುಟದ ಒಂದು ಕಿರುಹೊತ್ತಿಗೆ ಅಚ್ಚು ಹಾಕಿಸಿದ. ನ್ಯೂ ಇಂಗ್ಲೆಂಡಿನಲ್ಲಿ ಅಂಥದ್ದು ಅದೇ ಮೊದಲು. ಅದಕ್ಕೆ ಅವನು ಆರಿಸಿಕೊಂಡದ್ದು ಅಣ್ಣಂದಿರೇ ತಮ್ಮನನ್ನು ಮಾರಿದ ಯೋಸೇಫನ ಕಥೆ. ಆದಿಕಾಂಡದಲ್ಲಿ ಯೋಸೇಫನನ್ನು ಮಾರಿದಾಗ ಅವನಿಗೆ 17. ಫರೋಹನ ಮುಂದೆ ನಿಂತಾಗ 30. ಆಮೇಲೆ ಏಳು ವರ್ಷ ಸುಭಿಕ್ಷ, ಆಮೇಲೆ ಬರ. ಆಗ ಧಾನ್ಯಕ್ಕೆ ಈಜಿಪ್ಟಿಗೆ ಬಂದ ಅಣ್ಣಂದಿರು ಅಲ್ಲಿ ಸಿಕ್ಕಿಬಿದ್ದಾಗ, ಯಾರೂ ಕೇಳದಿದ್ದರೂ, ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ: ಅವನು ಅಂಗಲಾಚಿದ್ದನ್ನು ನೋಡಿಯೂ ನಾವು ಕಿವಿಗೊಡಲಿಲ್ಲ, ಅದಕ್ಕೇ ಇದು ಬಂತು ಎಂದು. ಇಪ್ಪತ್ತು ವರ್ಷದ ಮೇಲೆ! ಸೀವಲ್ ಆ ಕಥೆಯನ್ನು ಯಾಕೆ ಆರಿಸಿಕೊಂಡ ಎಂದು ನನಗೆ ಅರ್ಥವಾಗುತ್ತದೆ ಅನಿಸುತ್ತದೆ.

ಅವನಿಗೆ ಕೊನೆಗೆ ಸಮಾಧಾನ ಸಿಕ್ಕಿತೇ? 1720ರಲ್ಲಿ ಡೇನಿಯಲ್ ನೀಲ್ ಬರೆದ ನ್ಯೂ ಇಂಗ್ಲೆಂಡಿನ ಚರಿತ್ರೆ ಅವನ ಕೈಗೆ ಬಂತು. ಅದರಲ್ಲಿ ಸೇಲಂ ನ್ಯಾಯಾಧೀಶರ ಹೆಸರು ಯಾವ ಪುಟದಲ್ಲಿದೆ, ತನ್ನ ತಪ್ಪೊಪ್ಪಿಗೆ ಯಾವ ಪುಟದಲ್ಲಿದೆ ಎಂದು ಸಂಖ್ಯೆ ಸಮೇತ ದಿನಚರಿಯಲ್ಲಿ ಗುರುತು ಹಾಕಿಕೊಂಡಿದ್ದಾನೆ. ಆಗ ಅವನಿಗೆ 68. ಎದ್ದು ನಿಂತು 23 ವರ್ಷ ಕಳೆದಿತ್ತು. 1730ರ ಜನವರಿ 1ರಂದು ತೀರಿಕೊಂಡ. ಮ್ಯಾಸಚೂಸೆಟ್ಸಿನ ಶಾಸನಸಭೆಯ ಸಭಾಂಗಣದಲ್ಲಿ ಅವನು ತಲೆ ತಗ್ಗಿಸಿ ನಿಂತ ದೃಶ್ಯದ ದೊಡ್ಡ ಭಿತ್ತಿಚಿತ್ರ ಇದೆ, 1942ರಲ್ಲಿ ಆಲ್ಬರ್ಟ್ ಹರ್ಟರ್ ಬರೆದದ್ದು.

ವಾಪಸ್ ಬಂದ ಮೇಲೆ ಮ್ಯಾನೇಜರಿಗೆ ಒಂದು ಮೇಲ್ ಬರೆದೆ. ಮೊದಲ ಸಲ ಬರೆದದ್ದನ್ನು ಓದಿ ನೋಡಿದರೆ 'ಪ್ರಕ್ರಿಯೆಯಲ್ಲಿ ಲೋಪವಾಗಿತ್ತು' ಎಂದಿತ್ತು, ಯಾರಿಂದ ಎಂದು ಇರಲಿಲ್ಲ. ಆ ಹುಡುಗನ ಹೆಸರೂ ಇರಲಿಲ್ಲ. ಅಳಿಸಿ ಇನ್ನೊಮ್ಮೆ ಬರೆದೆ, ಅವನ ಹೆಸರು, ನನ್ನ ಹೆಸರು, ದಿನಾಂಕ, ಫೈಲು. 'ಲೆಟ್ ಅಸ್ ಡಿಸ್ಕಸ್' ಎಂದು ಉತ್ತರ ಬಂದಿದೆ. ಶುಕ್ರವಾರ ಮೀಟಿಂಗು.

ನಿನ್ನೆ ಆ ಹುಡುಗನಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ.

"ಗೊತ್ತಿತ್ತು ಸಾರ್. ಅವತ್ತೇ ಲಾಗ್ ನೋಡಿದ್ದೆ" ಎಂದ.

ಮತ್ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಊಟಕ್ಕೆ ಕೂತಿದ್ದೀನಿ ಸಾರ್, ಆಮೇಲೆ ಮಾಡ್ತೀನಿ ಎಂದು ಇಟ್ಟ. ಇನ್ನೂ ಮಾಡಿಲ್ಲ.